ಕಾರ್ಡಿದೆ, ದವಾಖಾನೆ ಎಲ್ಲಿದೆ?



"ಕಾರ್ಡ್ ಅದರಿ ಫಾದರ್. ಆದ್ರ ದವಾಖಾನಿ ಎಲ್ಲಿ ಅದರಿ?"

ಹತ್ತಿ ಬಿಡಿಸುವ ದಿನಗಳ ಒಂದು ಸಂಜೆ, ದೇವಾಲಯದ ಮೆಟ್ಟಿಲ ಮೇಲೆ ಕುಳಿತಿದ್ದ ಒಬ್ಬ ತಾಯಿ ನನಗೆ ಕೇಳಿದ ಪ್ರಶ್ನೆ ಇದು. ಕೋಪದಿಂದ ಕೇಳಿದ್ದಲ್ಲ. ನನಗೆ ಗೊತ್ತಿರಬಹುದು ಎಂದು ನಂಬಿ ಕೇಳಿದ್ದು. ಅದಕ್ಕೇ ಆ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಆ ಕಾರ್ಡು ಮಾಡಿಸಿಕೊಟ್ಟವನು ನಾನೇ. ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ಪಡಿತರ ಚೀಟಿ, ಆಧಾರ್ ತರಲು ಹೇಳಿ, ಕಂಪ್ಯೂಟರ್ ಬಲ್ಲ ಇಬ್ಬರು ಹುಡುಗರನ್ನು ಕೂರಿಸಿ, ಜಾತಿ ಮತ ನೋಡದೆ ಊರಿನ ಎಷ್ಟೋ ಮನೆಗಳಿಗೆ ಆರೋಗ್ಯ ಕಾರ್ಡು ಮಾಡಿಸಿದ್ದೆವು. "ಇನ್ನು ಮೇಲೆ ದೊಡ್ಡ ಕಾಯಿಲೆ ಬಂದರೆ ಹೊಲ ಮಾರಬೇಕಾಗಿಲ್ಲ. ವರ್ಷಕ್ಕೆ ಐದು ಲಕ್ಷದವರೆಗೆ ಸರ್ಕಾರವೇ ನೋಡಿಕೊಳ್ಳುತ್ತದೆ" ಎಂದು ಮೈಕಿನಲ್ಲಿ ಹೇಳಿದವನೂ ನಾನೇ. ಜನ ಚಪ್ಪಾಳೆ ತಟ್ಟಿದರು. ಆ ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ದೇವರ ಪಟದ ಹಿಂದೆ ಇಟ್ಟಿದ್ದಳಂತೆ.

ಮರುವರ್ಷ ಆಕೆಯ ಗಂಡ ಹತ್ತಿ ತುಂಬಿದ ಟ್ರ್ಯಾಕ್ಟರಿನ ಮೇಲಿಂದ ಬಿದ್ದು ತೊಡೆಯ ಎಲುಬು ಮುರಿದುಕೊಂಡ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿ, ನೋವಿಗೆ ಸೂಜಿ ಕೊಟ್ಟು, ಎಲುಬಿನ ಡಾಕ್ಟರ ಹುದ್ದೆ ಖಾಲಿ ಇದೆಯೆಂದು ಶಿಫಾರಸು ಚೀಟಿ ಬರೆದುಕೊಟ್ಟರು. ಕ್ರೂಸರ್ ಗಾಡಿ ಬಾಡಿಗೆಗೆ ಮಾಡಿಕೊಂಡು ದೊಡ್ಡ ಊರಿಗೆ ಹೋದರು. ಮೊದಲ ಆಸ್ಪತ್ರೆಯವರು, ನಾವು ಪಟ್ಟಿಯಲ್ಲಿರುವುದು ನಿಜ, ಆದರೆ ಹೃದಯ ಮತ್ತು ಮೂತ್ರಪಿಂಡಕ್ಕೆ ಮಾತ್ರ, ಎಲುಬಿಗೆ ಅಲ್ಲ ಎಂದರು. ಎರಡನೆಯ ಕಡೆ ಎಲುಬಿಗೂ ಒಪ್ಪಿಗೆ ಇತ್ತು, ಹಾಸಿಗೆ ಇರಲಿಲ್ಲ. ಸೋಮವಾರ ಬನ್ನಿ ಎಂದರು. ಅಂದು ಗುರುವಾರ. ಮೂರನೆಯ ಕಡೆ ಮೊದಲು ಮುಂಗಡ ಕಟ್ಟಿ ಎಂದರು. ಗಾಡಿಯವನು ರಾತ್ರಿ ನಿಲ್ಲುವುದಕ್ಕೆ ಬೇರೆ ಬಾಡಿಗೆ ಕೇಳಿದ. ಕೈಯಲ್ಲಿದ್ದದ್ದು ಎರಡು ಆಡು ಮಾರಿದ ಹಣ. ಅದು ಗಾಡಿಗೇ ಸರಿಹೋಯಿತು. ಊರಿಗೆ ಮರಳಿ ಎಲುಬು ಕಟ್ಟುವ ನಾಟಿ ವೈದ್ಯರ ಬಳಿ ಹೋದರು. ಕಾಲು ಕೂಡಿತು, ಆದರೆ ಗಿಡ್ಡವಾಗಿ ಕೂಡಿತು. ಇಂದು ಆತ ಕುಂಟುತ್ತಾನೆ. ಹೊಲದ ಕೂಲಿಗೆ ಕರೆಯುವವರಿಲ್ಲ.

ಈ ಕಥೆಯಲ್ಲಿ ಖಳನಾಯಕ ಯಾರು? ನಾನು ಹುಡುಕಿ ನೋಡಿದೆ, ಸಿಗಲಿಲ್ಲ. ಸರ್ಕಾರಿ ಡಾಕ್ಟರು ಇಲ್ಲದ ಡಾಕ್ಟರನ್ನು ಹುಟ್ಟಿಸಲಾರರು. ಒಪ್ಪಿಗೆ ಇಲ್ಲದ ವಿಭಾಗದಲ್ಲಿ ಚಿಕಿತ್ಸೆ ಮಾಡಿದರೆ ಆ ಆಸ್ಪತ್ರೆಗೆ ಹಣ ಬರುವುದಿಲ್ಲ. ತುಂಬಿದ ಹಾಸಿಗೆಯಿಂದ ಇನ್ನೊಬ್ಬ ರೋಗಿಯನ್ನು ಎಬ್ಬಿಸಲಾಗದು. ಮುಂಗಡ ಕೇಳಿದವರನ್ನು ಬಿಟ್ಟರೆ ಎಲ್ಲರೂ ನಿಯಮದಂತೆಯೇ ನಡೆದಿದ್ದಾರೆ. ಆದರೂ ಒಬ್ಬ ಮನುಷ್ಯನಿಗೆ ಕೊಟ್ಟ ಮಾತು ನಡೆಯಲಿಲ್ಲ. ಹಾಗಾದರೆ ನೈತಿಕವಾಗಿ ಇದನ್ನು ಏನೆಂದು ಕರೆಯಬೇಕು? ದುರದೃಷ್ಟವೆಂದೇ? ಅನ್ಯಾಯವೆಂದೇ? ಸುಳ್ಳು ಮಾತೆಂದೇ? ಈ ವಾರ ಈ ಪ್ರಶ್ನೆಯನ್ನು ನಿಮ್ಮೊಂದಿಗೆ ಹಂಚಿಕೊಳ್ಳಲು ಬಯಸುತ್ತೇನೆ.

ಎರಡು ಮಾತುಗಳು, ಒಂದು ಮರೆವು

ನಮ್ಮ ದೇಶದ ಆರೋಗ್ಯ ವ್ಯವಸ್ಥೆಗೆ ಅಡಿಪಾಯ ಹಾಕಿದ್ದು 1946ರಲ್ಲಿ ಬಂದ ಸರ್ ಜೋಸೆಫ್ ಭೋರ್ ಸಮಿತಿಯ ವರದಿ. ಅದು ಹಿಡಿದ ತತ್ವಗಳಲ್ಲಿ ಎರಡು ಇಲ್ಲಿ ಮುಖ್ಯ. ಹಣ ಕೊಡಲಾಗದ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂಬುದು ಒಂದು. ಆರೋಗ್ಯ ಸೇವೆ ಜನರ ಮನೆಗೆ ಆದಷ್ಟು ಹತ್ತಿರ ಇರಬೇಕು ಎಂಬುದು ಇನ್ನೊಂದು. ಇವು ಎತ್ತಿನ ಗಾಡಿಯ ಎರಡು ಗಾಲಿಗಳಂತೆ. ಒಂದು ಗಾಲಿ ಕಳಚಿದರೆ ಇನ್ನೊಂದು ಎಷ್ಟು ಗಟ್ಟಿಯಾಗಿದ್ದರೂ ಗಾಡಿ ಮುಂದೆ ಸಾಗದು.

ಕರ್ನಾಟಕ ಮೊದಲನೆಯ ಗಾಲಿಯನ್ನು ಶ್ರದ್ಧೆಯಿಂದಲೇ ಕಟ್ಟಿದೆ, ಇದನ್ನು ಒಪ್ಪಲೇಬೇಕು. 2003ರಲ್ಲಿ ಸಹಕಾರ ಸಂಘಗಳ ರೈತರಿಗಾಗಿ ಯಶಸ್ವಿನಿ ಯೋಜನೆ ಜಾರಿಗೆ ಬಂತು. ಆರಂಭದಲ್ಲಿ ಸದಸ್ಯನೊಬ್ಬ ಕಟ್ಟುತ್ತಿದ್ದದ್ದು ತಿಂಗಳಿಗೆ ಐದೇ ರೂಪಾಯಿ. 2018ರಲ್ಲಿ ಬೇರೆ ಯೋಜನೆಯಲ್ಲಿ ಲೀನವಾಗಿದ್ದ ಅದು 2022ರ ಕೊನೆಗೆ ಮತ್ತೆ ಜೀವ ಪಡೆಯಿತು. 2010ರ ಫೆಬ್ರವರಿಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗಾಗಿ ವಾಜಪೇಯಿ ಆರೋಗ್ಯಶ್ರೀ ಬಂತು, ಅದೂ ಮೊದಲು ನಮ್ಮ ಗುಲಬರ್ಗಾ ವಿಭಾಗಕ್ಕೇ. 2018ರ ಮಾರ್ಚಿಯಲ್ಲಿ ಆರೋಗ್ಯ ಕರ್ನಾಟಕ, ಅದೇ ಸೆಪ್ಟೆಂಬರಿನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಆರಂಭವಾದವು. ಆ ವರ್ಷವೇ ಎರಡೂ ಒಂದಾದವು. ಅರ್ಹ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ, ಉಳಿದವರಿಗೆ ವೆಚ್ಚದ ಶೇಕಡ 30ರಷ್ಟು ನೆರವು. ಆರಂಭದಲ್ಲಿ ಒಟ್ಟು 1650 ಬಗೆಯ ಚಿಕಿತ್ಸೆಗಳನ್ನು ಪಟ್ಟಿ ಮಾಡಲಾಯಿತು. ರೋಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದಿದ್ದರೆ ಅವರು ಬರೆದುಕೊಟ್ಟ ಚೀಟಿ ಹಿಡಿದು ಯೋಜನೆಯ ಪಟ್ಟಿಯಲ್ಲಿರುವ ಬೇರೆ ಆಸ್ಪತ್ರೆಗೆ ಹೋಗಬಹುದು. ಪಟ್ಟಿಯ ತುರ್ತು ಚಿಕಿತ್ಸೆಗಳಿಗೆ ಮಾತ್ರ ಚೀಟಿಯ ಅಗತ್ಯವಿಲ್ಲ.

ಇದೆಲ್ಲ ಮೊದಲನೆಯ ಗಾಲಿ. ಎರಡನೆಯದರ ಗತಿ ಏನು?

ನಮ್ಮ ನಕ್ಷೆಯನ್ನು ಒಮ್ಮೆ ಕಣ್ಣೆದುರಿಗೆ ತಂದುಕೊಳ್ಳಿ. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ಭೀಮೆ. ನಡುವೆ ಯಾದಗಿರಿ, ಶಹಾಪುರ, ಸುರಪುರ. 2010ರಲ್ಲಿ ಯಾದಗಿರಿ ಜಿಲ್ಲೆಯಾಯಿತು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 11,74,271. ಸಾಕ್ಷರತೆ ಶೇಕಡ 51.83, ರಾಜ್ಯದಲ್ಲೇ ಅತಿ ಕಡಿಮೆ. ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 21 ಗುಲಬರ್ಗಾ ವಿಭಾಗದವು. ನಮ್ಮ ಮೂರೂ ಆ ಸಾಲಿನಲ್ಲಿವೆ. ಯಾದಗಿರಿಯಿಂದ ಕಲಬುರಗಿಗೆ ಎಂಬತ್ತು ಕಿಲೋಮೀಟರಿನ ಆಸುಪಾಸು, ಸುರಪುರದಿಂದ ನೂರರ ಹತ್ತಿರ. ನಾರಾಯಣಪುರ ಅಣೆಕಟ್ಟಿನ ಕಡೆಯ ಹಳ್ಳಿಯಿಂದ ಹೊರಟವನಿಗೆ ಇನ್ನೂ ದೂರ. ಬೆಂಗಳೂರಿನ ಮನುಷ್ಯನಿಗೆ ಐದು ಲಕ್ಷದ ಕಾರ್ಡೆಂದರೆ ಐದು ಲಕ್ಷವೇ. ನಮ್ಮ ಮನುಷ್ಯ ಅದರಲ್ಲಿ ಗಾಡಿ ಬಾಡಿಗೆ, ಜೊತೆಗೆ ಹೋದವರ ಊಟ, ಕಳೆದುಹೋದ ಕೂಲಿ, ಮನೆಯಲ್ಲಿ ಬಿಟ್ಟುಬಂದ ಎಮ್ಮೆಯ ಹಾಲು ಎಲ್ಲವನ್ನೂ ಕಳೆದು ನೋಡಬೇಕು. ಎಷ್ಟೋ ಸಲ ಅವನ ಪಾಲಿಗೆ ಉಳಿಯುವುದು ಕನ್ನಡಿಯೊಳಗಿನ ಗಂಟು.

ಇದು ಸುಳ್ಳೇ?

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಸಂತ ಥಾಮಸ್ ಅಕ್ವಿನಾಸರ ಒಂದು ವಿಚಾರ ಕಲಿತಿದ್ದೆ. ಮಾತು ಕೊಡುವಾಗ ನಡೆಸುವ ಮನಸ್ಸು ನಿಜವಾಗಿ ಇದ್ದರೆ, ಮುಂದೆ ನಡೆಸದಿದ್ದರೂ ಅದು ಸುಳ್ಳಲ್ಲ. ಆದರೆ ಅದು ವಿಶ್ವಾಸಭಂಗವಾಗಬಹುದು. ಈ ಲೆಕ್ಕದಲ್ಲಿ ಸರ್ಕಾರ ಸುಳ್ಳು ಹೇಳಿಲ್ಲ, ಮೈಕಿನಲ್ಲಿ ಹೇಳಿದ ನಾನೂ ಹೇಳಿಲ್ಲ. ಇಲ್ಲಿಗೆ ನನ್ನ ಮನಸ್ಸಾಕ್ಷಿ ಸಮಾಧಾನವಾಗಬಹುದಿತ್ತು. ಆಗಲಿಲ್ಲ.

ಏಕೆಂದರೆ ಹಾರೈಕೆ ಬೇರೆ, ಸಂಕಲ್ಪ ಬೇರೆ. ಮಗಳು ಓದಿ ಡಾಕ್ಟರಾಗಲಿ ಎಂದು ತಂದೆಯೊಬ್ಬ ಬಯಸಿದರೆ ಅದು ಹಾರೈಕೆ. ಆಕೆಗೆ ಪುಸ್ತಕ ಕೊಡಿಸಿ, ಹಾಸ್ಟೆಲಿಗೆ ಸೇರಿಸಿ, ಮದುವೆಗೆ ಅವಸರಪಡಿಸುವ ನೆಂಟರ ಬಾಯಿ ಮುಚ್ಚಿಸಿದರೆ ಅದು ಸಂಕಲ್ಪ. ಗುರಿಯನ್ನು ನಿಜವಾಗಿ ಬಯಸುವವನು ಅದರ ದಾರಿಯನ್ನೂ ಬಯಸಲೇಬೇಕು ಎಂದು ಕಾಂಟ್ ವಾದಿಸಿದ. ದಾರಿಯ ಲೆಕ್ಕ ಹಾಕದವನು ಗುರಿಯನ್ನು ಸಂಕಲ್ಪಿಸಿಲ್ಲ, ಬರಿದೇ ಹಾರೈಸಿದ್ದಾನೆ. ನಮಗೆಲ್ಲ ಕಾರ್ಡು ಹಂಚುವಾಗ ಈ ಕಾರ್ಡು ನಡೆಯುವ ಎಲುಬಿನ ಡಾಕ್ಟರು ಈ ಮನೆಯಿಂದ ಎಷ್ಟು ದೂರದಲ್ಲಿದ್ದಾರೆ, ಅವರಲ್ಲಿಗೆ ತಲುಪಲು ಎಷ್ಟು ಗಂಟೆ ಬೇಕು, ಅಲ್ಲಿ ಎಷ್ಟು ದಿನ ಕಾಯಬೇಕು ಎಂದು ಯಾರೂ ಅಳೆಯದಿದ್ದರೆ, ನಾವು ಕೊಟ್ಟಿದ್ದು ಹಾರೈಕೆಯೇ ಹೊರತು ಸಂಕಲ್ಪವಲ್ಲ. ಹಾರೈಕೆ ತಪ್ಪಲ್ಲ. ಹಾರೈಕೆಯನ್ನು ಸಂಕಲ್ಪವೆಂದು ಮೊಹರು ಹಾಕಿ ಕೊಡುವುದು ತಪ್ಪು. ಆ ಮೊಹರು ನಂಬಿದವನು ಆಡು ಮಾರಿ ಗಾಡಿ ಹತ್ತುತ್ತಾನೆ. ಮಾತು ಕೊಡದೇ ಇದ್ದಿದ್ದರೆ ಆ ಆಡಾದರೂ ಮನೆಯಲ್ಲಿ ಉಳಿಯುತ್ತಿತ್ತು.

ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 1981ರ ತಮ್ಮ ಗ್ರಂಥದಲ್ಲಿ 1943ರ ಬಂಗಾಳದ ಬರಗಾಲವನ್ನು ಪರಿಶೀಲಿಸಿದರು. ಜನ ಸತ್ತಿದ್ದು ನಾಡಿನಲ್ಲಿ ಅನ್ನವೇ ಇಲ್ಲದೆ ಅಲ್ಲ, ಅನ್ನವನ್ನು ಪಡೆಯುವ ಅಧಿಕಾರ ಅವರ ಕೈಯಲ್ಲಿ ಇಲ್ಲದೆ ಎಂದು ತೋರಿಸಿದರು. ನಮ್ಮದು ಅದರ ತಿರುವುಮುರುವು. ಇಲ್ಲಿ ಅಧಿಕಾರ ಕೈಯಲ್ಲಿದೆ, ಐದು ಲಕ್ಷದ ಕಾರ್ಡಿನ ರೂಪದಲ್ಲಿ. ಅನ್ನವೇ ಹತ್ತಿರದ ಸಂತೆಗೆ ಬಂದಿಲ್ಲ. ಎರಡರಲ್ಲೂ ಹಸಿದವನ ಗತಿ ಒಂದೇ.

ಯೇಸುಸ್ವಾಮಿ ಹೇಳಿದ ಸಮಾರಿಯದವನ ಸಾಮತಿ ನಿಮಗೆ ಗೊತ್ತು. ಗಾಯಗೊಂಡವನನ್ನು ನೋಡಿ ಅವನ ಕರುಳು ಕರಗಿದ್ದನ್ನು ಎಲ್ಲರೂ ಬೋಧಿಸುತ್ತೇವೆ. ಅವನು ಎರಡು ನಾಣ್ಯ ಕೊಟ್ಟು, ಹೆಚ್ಚಾದ ಖರ್ಚಿಗೂ ತಾನೇ ಹೊಣೆ ಎಂದದ್ದನ್ನು ಕೂಡ ಬೋಧಿಸುತ್ತೇವೆ. ಇಂದಿನ ಮಾತಿನಲ್ಲಿ ಅವನೇ ವಿಮೆ. ಆದರೆ ಆ ದಾರಿಯಲ್ಲಿ ಒಂದು ಛತ್ರ ಇತ್ತು ಎಂಬುದನ್ನು ನಾವು ಗಮನಿಸುವುದೇ ಇಲ್ಲ. ಛತ್ರ ಇಲ್ಲದಿದ್ದರೆ ಆ ನಾಣ್ಯಗಳಿಂದ ಏನಾಗುತ್ತಿತ್ತು? ಅಲ್ಲದೆ ಅವನು ಗಾಯಾಳುವಿಗೆ ಚೀಟಿ ಬರೆದುಕೊಟ್ಟು ಕಳುಹಿಸಲಿಲ್ಲ. ತನ್ನ ವಾಹನದ ಮೇಲೆ ಕೂರಿಸಿಕೊಂಡು ಬಾಗಿಲಿನವರೆಗೂ ತಾನೇ ಕರೆದೊಯ್ದ.

ದೂರವನ್ನು ಕಾನೂನಿನಲ್ಲಿ ಬರೆಯಬಹುದೇ?

"ಫಾದರ್, ದೂರ ಎಂಬುದು ಭೂಮಿ ಮಾಡಿದ್ದು, ಅದಕ್ಕೆ ಸರ್ಕಾರ ಏನು ಮಾಡೀತು?" ಎಂದು ಕೆಲವರು ಕೇಳಬಹುದು. ಆದರೆ ನಮ್ಮ ರಾಜ್ಯಾಡಳಿತಕ್ಕೆ ದೂರವನ್ನು ಕಾನೂನಿನಲ್ಲಿ ಬರೆಯುವುದು ಚೆನ್ನಾಗಿ ಗೊತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಕೆಳಗೆ ಕೇಂದ್ರ ರೂಪಿಸಿದ ನಿಯಮಗಳು ಒಂದರಿಂದ ಐದನೆಯ ತರಗತಿಯವರೆಗಿನ ಶಾಲೆ ಒಂದು ಕಿಲೋಮೀಟರಿನೊಳಗೆ, ಆರರಿಂದ ಎಂಟರವರೆಗಿನದು ಮೂರು ಕಿಲೋಮೀಟರಿನೊಳಗೆ ಇರಬೇಕೆನ್ನುತ್ತವೆ. ಮತದಾರ ಎರಡು ಕಿಲೋಮೀಟರಿಗಿಂತ ದೂರ ನಡೆಯಬಾರದು ಎಂಬುದು ಮತಗಟ್ಟೆಗಳಿಗೆ ಚುನಾವಣಾ ಆಯೋಗ ಇಟ್ಟುಕೊಂಡ ಅಳತೆ. ಸಮತಟ್ಟಾದ ಪ್ರದೇಶದಲ್ಲಿ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬ ಲೆಕ್ಕವೂ ಇದೆ. ಮತ ಕೇಳಲು ನಮ್ಮ ಮನೆಯ ಎರಡು ಕಿಲೋಮೀಟರ್ ಹತ್ತಿರ ಬರುವ ವ್ಯವಸ್ಥೆ, ಮುರಿದ ಎಲುಬು ಕೂಡಿಸಲು ಎಷ್ಟು ಹತ್ತಿರ ಬರುತ್ತೇನೆ ಎಂದು ಒಂದು ಅಂಕಿಯನ್ನಾದರೂ ಹೇಳಬೇಡವೇ?

ವಿಮೆಗೇ ಇಂಥ ಅಳತೆ ಹಾಕಿದ ನಾಡುಗಳಿವೆ. ಅಮೆರಿಕದಲ್ಲಿ ಖಾಸಗಿ ವಿಮಾ ಕಂಪನಿಗಳು ತಮ್ಮ ಪಟ್ಟಿಯ ಆಸ್ಪತ್ರೆಗಳಿಗೆ ಮಾತ್ರ ಹೋಗಬೇಕೆಂದು ಕಟ್ಟು ಹಾಕಿದಾಗ, ಆ ಪಟ್ಟಿ ಸಾಕಷ್ಟಿದೆಯೇ ಎಂದು ನೋಡುವ ಹೊಣೆ ರಾಜ್ಯಗಳ ಮೇಲೆ ಬಿತ್ತು. ಅಲ್ಲಿನ ರಾಜ್ಯ ವಿಮಾ ಆಯುಕ್ತರ ಸಂಘ 1996ರಲ್ಲಿ ಇದಕ್ಕೊಂದು ಮಾದರಿ ಕಾಯ್ದೆ ಬರೆದು 2015ರಲ್ಲಿ ತಿದ್ದಿತು. ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಸಾಮಾನ್ಯ ವೈದ್ಯರು ಸದಸ್ಯನ ಮನೆಯಿಂದಲೋ ಕೆಲಸದ ಜಾಗದಿಂದಲೋ 15 ಮೈಲಿ ಅಥವಾ 30 ನಿಮಿಷದ ಒಳಗಿರಬೇಕು. ತುರ್ತಲ್ಲದ ಭೇಟಿಗೆ ಸಾಮಾನ್ಯ ವೈದ್ಯರು 10 ಕೆಲಸದ ದಿನಗಳಲ್ಲಿ, ತಜ್ಞರು 15 ಕೆಲಸದ ದಿನಗಳಲ್ಲಿ ಸಿಗಬೇಕು. ಪಟ್ಟಿಯಲ್ಲಿ ಅಂಥವರು ಇಲ್ಲದಿದ್ದರೆ ಪಟ್ಟಿಯ ಹೊರಗಿನವರಲ್ಲಿ ಅದೇ ಖರ್ಚಿಗೆ ಕಂಪನಿಯೇ ವ್ಯವಸ್ಥೆ ಮಾಡಬೇಕು. ಆ ಸಿರಿವಂತ ನಾಡಿನಲ್ಲೂ ಹೆಸರಿಗೆ ಪಟ್ಟಿಯಲ್ಲಿದ್ದು ರೋಗಿಯನ್ನು ನೋಡದ ವೈದ್ಯರಿದ್ದಾರೆ. ಅಂಥ ಪಟ್ಟಿಗಳಿಗೆ ಭೂತದ ಪಟ್ಟಿ ಎಂದೇ ಹೆಸರು ಬಿದ್ದಿದೆ. ಆದರೂ ಅಳತೆಗೋಲು ಇರುವುದರಿಂದ ತಪ್ಪನ್ನು ತಪ್ಪೆಂದು ತೋರಿಸಬಹುದು.

ನಮ್ಮ ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಮೇಯಲ್ಲಿ ಒಂದು ಒಳ್ಳೆಯ ಸುತ್ತೋಲೆ ಹೊರಡಿಸಿತು. ನಗದುರಹಿತ ಚಿಕಿತ್ಸೆಗೆ ವಿಮಾ ಕಂಪನಿ ಒಂದು ಗಂಟೆಯೊಳಗೆ ಒಪ್ಪಿಗೆ ಕೊಡಬೇಕು, ಬಿಡುಗಡೆಯ ದಿನದ ಕೊನೆಯ ಒಪ್ಪಿಗೆ ಮೂರು ಗಂಟೆಯೊಳಗೆ ಆಗಬೇಕು. ಸಂತೋಷ. ಆದರೆ ಆ ಗಡಿಯಾರ ಓಡಲು ಶುರುವಾಗುವುದು ಆಸ್ಪತ್ರೆಯ ಕೌಂಟರಿನಿಂದ. ನಮ್ಮ ರೋಗಿಯ ಗಡಿಯಾರ ಅವನ ಮನೆಯ ಹೊಸ್ತಿಲಿನಿಂದಲೇ ಓಡುತ್ತಿರುತ್ತದೆ.

ಇನ್ನೊಂದು ಸೂಕ್ಷ್ಮ ಇಲ್ಲಿದೆ. ಖಾಸಗಿ ವಿಮೆಯಾದರೆ ಕಂಪನಿ ಬೇರೆ, ಅದನ್ನು ಅಂಕೆಯಲ್ಲಿಡುವ ಸರ್ಕಾರ ಬೇರೆ. ನಮ್ಮ ಬಡವರ ಕಾರ್ಡಿನ ಹಣ ಕೊಡುವುದು ಕಂಪನಿಯಲ್ಲ, ಸರ್ಕಾರದ್ದೇ ಆದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟು. ಲಾಭಕೋರತನ ಇಲ್ಲ ಎಂಬುದು ಇದರ ಒಳ್ಳೆಯ ಮಗ್ಗುಲು. ಆದರೆ ಮಾತು ಕೊಟ್ಟವನೂ, ಮಾತು ನಡೆಯಿತೇ ಎಂದು ನೋಡುವವನೂ ಒಬ್ಬನೇ ಆದಾಗ, ತಕ್ಕಡಿಯೂ ಕಲ್ಲೂ ಅಂಗಡಿಯವನ ಕೈಯಲ್ಲೇ ಇದ್ದಂತೆ. ಅಂಗಡಿಯವನು ಪ್ರಾಮಾಣಿಕನೇ ಇರಬಹುದು. ಆದರೂ ತೂಕದ ಕಲ್ಲಿಗೆ ಬೇರೆಯವರ ಮುದ್ರೆ ಬೇಕು.

ಪುಸ್ತಕದಲ್ಲಿ ಸಿಗದ ಮನುಷ್ಯ

ಯಾವ ಯೋಜನೆಯ ವರದಿಯಲ್ಲೂ ಎಷ್ಟು ಜನರಿಗೆ ಚಿಕಿತ್ಸೆ ಆಯಿತು, ಎಷ್ಟು ಕೋಟಿ ಪಾವತಿಯಾಯಿತು ಎಂಬ ಅಂಕಿ ಮುಂದೆ ನಿಲ್ಲುತ್ತದೆ. ಅದು ಆಸ್ಪತ್ರೆಯ ಬಾಗಿಲು ದಾಟಿದವರ ಲೆಕ್ಕ. ಅರ್ಧ ದಾರಿಯಿಂದ ಮರಳಿದವನು ಆ ಪುಸ್ತಕದಲ್ಲಿ ಎಲ್ಲೂ ಸಿಗುವುದಿಲ್ಲ. ಹೊರಡಲು ಧೈರ್ಯವೇ ಮಾಡದವಳು ಇನ್ನೂ ಸಿಗುವುದಿಲ್ಲ. ಬಲೆಯ ಉದ್ದ ಹೇಳಿದರೆ ಸಾಲದು, ಕಣ್ಣಿನ ಅಗಲ ಎಷ್ಟು ಎಂದು ಕೃಷ್ಣೆಯ ಮೀನುಗಾರನನ್ನು ಕೇಳಿ ನೋಡಿ. ನುಸುಳಿ ಹೋದ ಮೀನನ್ನು ಯಾರೂ ಎಣಿಸುವುದಿಲ್ಲ. ಮೀನಿಗೆ ನುಸುಳುವುದು ಬಿಡುಗಡೆ. ನಮ್ಮ ರೋಗಿಗೆ ಅದು ಕುಂಟು ಕಾಲು.

ಬಲೆ ಹತ್ತಿರ ಬಂದಾಗ ಏನಾಗುತ್ತದೆ ಎಂಬುದಕ್ಕೂ ನಮ್ಮ ಸೀಮೆಯೇ ಸಾಕ್ಷಿ. ವಾಜಪೇಯಿ ಆರೋಗ್ಯಶ್ರೀ ರಾಜ್ಯದ ಉತ್ತರ ಭಾಗಕ್ಕೆ ಮೊದಲು ಬಂದಾಗ, ಯೋಜನೆ ಬಂದ 300 ಹಳ್ಳಿಗಳನ್ನೂ ಗಡಿಯ ಆಚೆ ಇನ್ನೂ ಬಾರದಿದ್ದ 272 ಹಳ್ಳಿಗಳನ್ನೂ ಸಂಶೋಧಕರು ಹೋಲಿಸಿ, 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಯೋಜನೆಯಲ್ಲಿ ಸೇರಿದ್ದ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆದ ಸಾವು ಯೋಜನೆ ಇದ್ದ ಕಡೆ ಶೇಕಡ 0.32, ಇಲ್ಲದ ಕಡೆ ಶೇಕಡ 0.90. ಆ ಯೋಜನೆಯಲ್ಲಿ ಬಡವರ ಪಡಿತರ ಚೀಟಿ ಇದ್ದರೆ ಸಾಕಿತ್ತು, ಬೇರೆ ನೋಂದಣಿ ಬೇಕಿರಲಿಲ್ಲ. ಪಟ್ಟಿಯ ಆಸ್ಪತ್ರೆಗಳು ಹಳ್ಳಿಗಾಡಿಗೆ ಬಂದು ಶಿಬಿರ ನಡೆಸಿ ರೋಗಿಗಳನ್ನು ಗುರುತಿಸುವ ಏರ್ಪಾಡೂ ಅದರಲ್ಲಿತ್ತು. ಅಂದರೆ ಕಾರ್ಡಿನೊಂದಿಗೆ ದವಾಖಾನೆಯೂ ಒಂದು ಹೆಜ್ಜೆ ನಮ್ಮ ಕಡೆ ನಡೆದು ಬಂದಿತ್ತು. ಇಂಥ ಯೋಜನೆಗಳೇ ವ್ಯರ್ಥ ಎನ್ನುವವರಿಗೆ ನಾನು ಈ ಅಂಕಿಯನ್ನು ತೋರಿಸುತ್ತೇನೆ.

ಮೂರು ಆಕ್ಷೇಪಗಳು

ಮೊದಲನೆಯದು: ಅಸಾಧ್ಯವಾದದ್ದಕ್ಕೆ ಯಾರೂ ಬದ್ಧರಲ್ಲ. ಇದು ನೀತಿಶಾಸ್ತ್ರದ ಹಳೆಯ ಸೂತ್ರ. ಆಜ್ಞೆ ಮಾಡಿದ ಮಾತ್ರಕ್ಕೆ ಸುರಪುರದಲ್ಲಿ ಶಸ್ತ್ರವೈದ್ಯರು ಮೊಳೆಯುವುದಿಲ್ಲ. ಒಪ್ಪುತ್ತೇನೆ. ಆದರೆ ಇಂದು ಅಸಾಧ್ಯವಾದದ್ದು ನಾಳೆಯೂ ಅಸಾಧ್ಯವೇ ಎಂದು ಆ ಸೂತ್ರ ಹೇಳುವುದಿಲ್ಲ. ಆಗುವುದನ್ನೂ ಬಿಡಬಹುದು ಎಂದೂ ಹೇಳುವುದಿಲ್ಲ. ಡಾಕ್ಟರನ್ನು ಇಲ್ಲಿಗೆ ತರಲಾಗದಿದ್ದರೆ ರೋಗಿಯನ್ನು ಅಲ್ಲಿಗೆ ಒಯ್ಯುವ ಗಾಡಿಯ ಖರ್ಚು ಕೊಡಬಹುದು. ವಾರದಲ್ಲಿ ಎರಡು ದಿನ ತಜ್ಞರನ್ನು ತಾಲ್ಲೂಕಿಗೆ ಕಳುಹಿಸಬಹುದು. ಚೀಟಿ ಬರೆಯುವ ಮುನ್ನ ಫೋನು ಮಾಡಿ ಹಾಸಿಗೆ ಕಾದಿರಿಸಬಹುದು.

ಈ ಕೊನೆಯದು ನನ್ನ ಕನಸಲ್ಲ. 1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೃಷಿ ಕಾರ್ಮಿಕನೊಬ್ಬನನ್ನು ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆಗಳು ಸೌಲಭ್ಯವಿಲ್ಲ, ಹಾಸಿಗೆಯಿಲ್ಲ ಎಂದು ಕಳುಹಿಸಿದವು. ಆತ ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ 17,000 ರೂಪಾಯಿ ತೆತ್ತ. 1996ರಲ್ಲಿ ಸುಪ್ರೀಂ ಕೋರ್ಟು, ಇದು ಸಂವಿಧಾನದ 21ನೆಯ ವಿಧಿ ಕೊಟ್ಟ ಬದುಕುವ ಹಕ್ಕಿನ ಉಲ್ಲಂಘನೆ ಎಂದು ತೀರ್ಪು ಕೊಟ್ಟು 25,000 ರೂಪಾಯಿ ಪರಿಹಾರ ಕೊಡಿಸಿತು. ಹಣವಿಲ್ಲ ಎಂಬ ನೆಪ ನಡೆಯದು ಎಂದಿತು. ಎಲ್ಲಿ ಹಾಸಿಗೆ ಖಾಲಿ ಇದೆಯೆಂದು ತಿಳಿದು ರೋಗಿಯನ್ನು ಅಲ್ಲಿಗೇ ಕಳುಹಿಸುವ ಸಂಪರ್ಕ ವ್ಯವಸ್ಥೆ ಇರಬೇಕೆಂದು ಸೂಚಿಸಿತು. ಆಗ ಮೊಬೈಲು ಕೂಡ ಅಪರೂಪ. ಇಂದು ಪ್ರತಿ ಕಿಸೆಯಲ್ಲೂ ಒಂದಿದೆ.

ಎರಡನೆಯದು: ಹತ್ತಿರವಿದ್ದ ಮಾತ್ರಕ್ಕೆ ಚಿಕಿತ್ಸೆ ಒಳ್ಳೆಯದೇ? ತಿಂಗಳಿಗೊಮ್ಮೆ ಹೃದಯ ಕೊಯ್ಯುವ ಸಣ್ಣ ಆಸ್ಪತ್ರೆಗಿಂತ ದಿನಕ್ಕೆ ಹತ್ತು ಮಾಡುವ ದೂರದ ಆಸ್ಪತ್ರೆಯೇ ಮೇಲಲ್ಲವೇ? ಇದೂ ನಿಜ. ಸಮಾನತೆ ಎಂದರೆ ಎಲ್ಲವನ್ನೂ ಎಲ್ಲ ಊರಿಗೆ ಹಂಚುವುದಲ್ಲ. ತಕ್ಕದ್ದನ್ನು ತಕ್ಕಷ್ಟು ಹತ್ತಿರ ಇಡುವುದು ಎಂದು ಅರಿಸ್ಟಾಟಲನ ಪ್ರಮಾಣಬದ್ಧ ನ್ಯಾಯವನ್ನು ನಾವು ಇಲ್ಲಿ ಅರ್ಥಮಾಡಿಕೊಳ್ಳಬಹುದು. ಹೆರಿಗೆ, ಹಾವು ಕಡಿತ, ಮುರಿದ ಎಲುಬು ತಾಲ್ಲೂಕಿನಲ್ಲೇ ಆಗಬೇಕು. ಹೃದಯದ ಕವಾಟ, ಕ್ಯಾನ್ಸರ್ ವಿಭಾಗದ ಕೇಂದ್ರಕ್ಕೆ ಹೋಗಲಿ. ಆರೋಗ್ಯ ಕರ್ನಾಟಕ ತನ್ನ ಚಿಕಿತ್ಸೆಗಳನ್ನು ಸರಳ, ಕ್ಲಿಷ್ಟ, ತುರ್ತು ಎಂದು ಆಗಲೇ ವಿಂಗಡಿಸಿದೆ. ಪ್ರತಿ ಗುಂಪಿನ ಮುಂದೆ ಇಷ್ಟು ಕಿಲೋಮೀಟರ್, ಇಷ್ಟು ಗಂಟೆ ಎಂದು ಒಂದು ಅಂಕಣ ಸೇರಿಸುವುದು ಮಾತ್ರ ಉಳಿದಿರುವ ಕೆಲಸ.

ಮೂರನೆಯದು: ಖಾಸಗಿ ಆಸ್ಪತ್ರೆಗಳು ಲಾಭ ಕಾಣದ ಕಡೆ ಬರುವುದಿಲ್ಲ, ಬಲವಂತ ಮಾಡಿದರೆ ಪಟ್ಟಿಯನ್ನೇ ಬಿಟ್ಟು ಹೋಗುತ್ತವೆ. ಅದಕ್ಕಾಗಿಯೇ ಆಯುಷ್ಮಾನ್ ಭಾರತದ ಮಾರ್ಗಸೂಚಿಯಲ್ಲಿ ಮಹತ್ವಾಕಾಂಕ್ಷಿ ಜಿಲ್ಲೆಗಳ ಆಸ್ಪತ್ರೆಗಳಿಗೆ ಶೇಕಡ 10ರಷ್ಟು ಹೆಚ್ಚಿನ ದರ ಇಡಲಾಯಿತು. ಕರ್ನಾಟಕದಲ್ಲಿ ಆ ಪಟ್ಟಿಗೆ ಸೇರಿದ ಜಿಲ್ಲೆಗಳು ಎರಡೇ, ರಾಯಚೂರು ಮತ್ತು ನಮ್ಮ ಯಾದಗಿರಿ. ಶೇಕಡ 10 ಸಾಕೇ ಎಂಬುದನ್ನು ಲೆಕ್ಕ ಬಲ್ಲವರು ನೋಡಲಿ. ಆದರೆ ಖಾಸಗಿಯವರು ಬರಲಿ ಬಾರದಿರಲಿ, ಸರ್ಕಾರಿ ಆಸ್ಪತ್ರೆಯೇ ನಮ್ಮ ಬಲೆಯ ಮುಖ್ಯ ಹಗ್ಗ. 2022ರಲ್ಲಿ ಯಾದಗಿರಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. 2024ರ ಡಿಸೆಂಬರಿನಲ್ಲಿ ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ ತೆರೆಯಿತು. 2012ರಲ್ಲಿ ಸಂಸತ್ತು ಒಪ್ಪಿದ 371ನೆಯ ಜೆ ವಿಧಿಯಿಂದ ನಮ್ಮ ಮಕ್ಕಳಿಗೆ ವೈದ್ಯಕೀಯ ಸೀಟಿನಲ್ಲಿ ಮೀಸಲಾತಿ ಸಿಕ್ಕಿದೆ. ಇವು ಸಂಕಲ್ಪದ ಗುರುತುಗಳು. ಕಟ್ಟಡ ಎದ್ದಂತೆ ಖಾಲಿ ಹುದ್ದೆಯೂ ತುಂಬಬೇಕು.

ನಮ್ಮ ಪಾಲಿನ ಕೆಲಸ

ಇದೆಲ್ಲ ಸರ್ಕಾರದ ಕೆಲಸ, ನಮಗೇನು ಎನ್ನಬೇಡಿ. ಮನೆಯಲ್ಲಿ ಕಾಯಿಲೆ ಬರುವ ಮುನ್ನವೇ ಕುಟುಂಬ ಒಟ್ಟಿಗೆ ಕುಳಿತು ಒಂದು ಕೆಲಸ ಮಾಡಲಿ. ಯಾವ ಆಸ್ಪತ್ರೆ ಯಾವ ವಿಭಾಗಕ್ಕೆ ಪಟ್ಟಿಯಲ್ಲಿದೆ ಎಂದು ತಿಳಿದು ಕಾರ್ಡಿನ ಜೊತೆಯಲ್ಲೇ ಒಂದು ಚೀಟಿ ಬರೆದಿಡಿ. ಆಸ್ಪತ್ರೆ ಪಟ್ಟಿಯಲ್ಲಿದೆಯೇ ಎಂದು ಕೇಳಿದರೆ ಸಾಲದು, ಈ ಕಾಯಿಲೆಗೆ ಪಟ್ಟಿಯಲ್ಲಿದೆಯೇ ಎಂದೂ ಕೇಳಿ. 14555 ಸಂಖ್ಯೆಗೆ ಫೋನು ಮಾಡಿದರೆ ಆಯುಷ್ಮಾನ್ ಭಾರತದ ಸಹಾಯವಾಣಿ ಸಿಗುತ್ತದೆ. ಪಟ್ಟಿಯ ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಎಂಬ ಸಿಬ್ಬಂದಿ ಇರುತ್ತಾರೆ, ಮೊದಲು ಅವರನ್ನು ಕಾಣಿ. ಮುಂಗಡ ಕೇಳಿದರೆ, ಹಾಸಿಗೆ ಇಲ್ಲವೆಂದರೆ, ಸುಮ್ಮನೆ ಮರಳಬೇಡಿ. ದಿನಾಂಕ, ಹೊತ್ತು, ಹೇಳಿದ ಮಾತು ಬರೆದು ಜಿಲ್ಲಾ ಕುಂದುಕೊರತೆ ಸಮಿತಿಗೆ ಕೊಡಿ. ಒಂದು ಅರ್ಜಿಯಿಂದ ಕಾಲು ನೆಟ್ಟಗಾಗದು, ನಿಜ. ಆದರೆ ಪುಸ್ತಕದಲ್ಲಿ ಸಿಗದ ಮನುಷ್ಯ ಅಂದಿನಿಂದ ಪುಸ್ತಕದಲ್ಲಿ ಸಿಗುತ್ತಾನೆ. ಎಣಿಕೆಗೆ ಬಂದವನನ್ನು ಮರೆಯುವುದು ಸ್ವಲ್ಪ ಕಷ್ಟ.

ಮತ್ತು ಅಕ್ಷರ ಬಲ್ಲವರು ಬಾರದವರ ಜೊತೆ ಹೋಗಿ. ಈ ಮಾತನ್ನು ನಾನು ನಿಮಗಿಂತ ಮೊದಲು ನನಗೇ ಹೇಳಿಕೊಳ್ಳುತ್ತಿದ್ದೇನೆ. ಅಂದು ಕಾರ್ಡು ಹಂಚಿ, ಫೋಟೋ ತೆಗೆಸಿಕೊಂಡು, ನನ್ನ ಕೆಲಸ ಮುಗಿಯಿತು ಎಂದುಕೊಂಡೆ. ಅವರು ಗಾಡಿ ಹತ್ತಿದ ದಿನ ನಾನು ಬೇರೆ ಊರಿನಲ್ಲಿದ್ದೆ. ಹಾರೈಕೆಯನ್ನು ಸಂಕಲ್ಪವೆಂದು ನಂಬಿಸಿದವರಲ್ಲಿ ನಾನೂ ಒಬ್ಬ. ಇಂದು ನಮ್ಮ ಧರ್ಮಕೇಂದ್ರದ ಯುವಕರು ಒಂದು ವಹಿ ಇಟ್ಟಿದ್ದಾರೆ. ಯಾರು, ಯಾವ ಕಾಯಿಲೆಗೆ, ಎಷ್ಟು ದೂರ ಹೋದರು, ಎಲ್ಲಿಂದ ಮರಳಿದರು ಎಂದು ಅದರಲ್ಲಿ ಬರೆಯುತ್ತಾರೆ. ಯಾರಾದರೂ ಹೊರಟರೆ ಒಬ್ಬ ಹುಡುಗ ಜೊತೆಗೆ ಹೋಗುತ್ತಾನೆ. ಚಿಕ್ಕ ಕೆಲಸ. ಗ್ರಾಮಸಭೆಯಲ್ಲಿ ಆ ವಹಿಯನ್ನು ಓದಿದ ದಿನ ಯಾರೂ ನಡುವೆ ಮಾತನಾಡಲಿಲ್ಲ.

ಆ ತಾಯಿ ಮೊನ್ನೆ ಮತ್ತೆ ಸಿಕ್ಕಿದ್ದಳು. ಗಂಡ ಕೋಲೂರಿಕೊಂಡು ಹಿಂದೆ ಬರುತ್ತಿದ್ದ. "ಕಾರ್ಡ್ ಇನ್ನೂ ಇಟ್ಟೀಯೇನವ್ವಾ?" ಎಂದು ಕೇಳಿದೆ. "ಇಟ್ಟೀನ್ರಿ ಫಾದರ್. ಮಕ್ಕಳು ಅದಾವಲ್ರಿ" ಎಂದಳು.

ಮೋಸ ಹೋದ ಮೇಲೂ ಆಕೆ ಮಾತನ್ನು ನಂಬಿ ಕಾದಿದ್ದಾಳೆ. ಆ ನಂಬಿಕೆಗೆ ನಾವೆಲ್ಲ ಸಾಲಗಾರರು. ಸಾಲ ತೀರಿಸುವ ದಾರಿ ಎಷ್ಟು ಕಿಲೋಮೀಟರ್ ಇದೆಯೆಂದು ಈಗಲಾದರೂ ಅಳೆಯೋಣ.